ಪರವಾ ಅಂದರೆ ಯಾವತ್ತು

ಮರಾಠಿಯಲ್ಲಿ 'ಪರವಾ' ಎಂಬ ಮಾತಿದೆ. ಮೊನ್ನೆಗೂ ಅದೇ, ನಾಡಿದ್ದಿಗೂ ಅದೇ. ನಮ್ಮ ಅಥಣಿ, ಕಾಗವಾಡದ ಕಡೆ ಕನ್ನಡದವರೂ ಅದನ್ನು ಸಲೀಸಾಗಿ ಬಳಸುತ್ತೇವೆ. ಕಳೆದ ದಿನವೋ ಬರುವ ದಿನವೋ ಎಂಬುದು ಮುಂದಿನ ಮಾತಿನಿಂದ ತಿಳಿಯುತ್ತದೆ. ತಿಳಿಯದಿದ್ದರೆ ಕೇಳಿದರಾಯಿತು. ನಾನು ಕೇಳಲಿಲ್ಲ.

ಕೃಷ್ಣೆಯ ದಂಡೆಯ ಈ ಸಕ್ಕರೆ ಕಾರ್ಖಾನೆಗೆ ನಾನು ಸೇರಿ ಹತ್ತೊಂಬತ್ತು ವರ್ಷವಾಯಿತು. ಐಗಳಿಯಿಂದ ಬಂದು ಪ್ಯಾನ್ ವಿಭಾಗದಲ್ಲಿ ಹೆಲ್ಪರ್ ಆದೆ. ಪ್ಯಾನ್ ಎಂದರೆ ಕಬ್ಬಿನ ಪಾಕವನ್ನು ಕುದಿಸಿ ಹರಳು ಕಟ್ಟಿಸುವ, ಎರಡಾಳೆತ್ತರದ ಕಬ್ಬಿಣದ ಹಂಡೆ. ಅದನ್ನು ನಡೆಸುತ್ತಿದ್ದವರು ಕಾಗವಾಡದ ಕಡೆಯ ಹಿರಿಯರೊಬ್ಬರು. ನಮಗೆಲ್ಲ ಅವರು ಕಾಕಾ. ಒಂದು ಹನಿ ಪಾಕವನ್ನು ಗಾಜಿನ ಚೂರಿಗೆ ಸವರಿ, ಬೆಳಕಿಗೆ ಹಿಡಿದು, "ದಾಣಾ ಬಂತಲೇ, ನೋಡು" ಎನ್ನುವರು. ಹರಳು ಮೂಡಿತು ಎಂದು ಅರ್ಥ. ಮೊದಲ ಹಂಗಾಮು ಪೂರ್ತಿ ನನಗೇನೂ ಕಾಣಲಿಲ್ಲ. ಕಂಡಿತು ಎಂದು ಸುಳ್ಳು ಹೇಳುತ್ತಿದ್ದೆ. "ಕಣ್ಣಿಲ್ಲೇನಲೇ ನಿನಗ?" ಎಂದು ಬೈದು ಮತ್ತೆ ತೋರಿಸುವರು. 'ಲೇ' ಇಲ್ಲದೆ ಅವರು ನನ್ನನ್ನು ಕರೆದದ್ದೇ ಇಲ್ಲ.

ಹೆಲ್ಪರ್ ಇದ್ದವನು ಪ್ಯಾನ್‌ಮನ್ ಆದೆ. ಪರೀಕ್ಷೆ ಕಟ್ಟಿ ಸೂಪರ್‌ವೈಸರ್ ಆದೆ. ನಾಲ್ಕು ವರ್ಷದ ಹಿಂದೆ ವಿಭಾಗದ ಮುಖ್ಯಸ್ಥನಾದೆ. ಈಗ ನನಗೊಂದು ಕೋಣೆ ಇದೆ, ತಂಪು ಗಾಳಿ ಇದೆ, ಗದ್ದಲ ಒಳಗೆ ಬಾರದಂತೆ ದಪ್ಪ ಗಾಜಿನ ಕಿಟಕಿಯಿದೆ. ಊರಲ್ಲಿ ಯಾರಾದರೂ ಕೇಳಿದರೆ ಇದನ್ನೆಲ್ಲ ಸಂತೋಷದಿಂದಲೇ ಹೇಳುತ್ತೇನೆ. ಆಸೆಪಟ್ಟು ಏರಿದ ಮೆಟ್ಟಿಲೇ ಅವು, ಯಾರೂ ನೂಕಿದ್ದಲ್ಲ.

ಮುಖ್ಯಸ್ಥನಾದ ಮೊದಲ ಹಂಗಾಮಿನಲ್ಲೇ ತಪಾಸಣೆಗೆಂದು ಹೊರಗಿನವರು ಬಂದಿದ್ದರು. ನಾನು ಅವರ ಮುಂದೆ ಎದೆ ಉಬ್ಬಿಸಿ ವಿವರಿಸುತ್ತಿದ್ದೆ. ಮೇಲಿನ ಅಟ್ಟದಿಂದ ಕಾಕಾ ಕೂಗಿದರು: "ಏ, ಬಾರಲೇ ಇಲ್ಲೆ! ದಾಣಾ ನೋಡು ಬಾ!" ಬಂದವರಲ್ಲೊಬ್ಬ ನಕ್ಕ. ನನ್ನ ಕಿವಿ ಬಿಸಿಯಾಯಿತು. ಅವರು ಹೋದ ಮೇಲೆ ಅಟ್ಟ ಹತ್ತಿ, "ಕಾಕಾ, ಮಂದಿ ಮುಂದ ಹಂಗ ಕರೀಬ್ಯಾಡ್ರಿ" ಎಂದೆ.

"ಹೌದ್ರಿ ಸಾಹೇಬ್ರ, ತಪ್ಪಾತು" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಪ್ಪಾಯಿತು ಎಂಬಂತೆ. ಆಮೇಲೆ ಮಂದಿ ಇಲ್ಲದಾಗಲೂ ಅವರು ಹಾಗೆ ಕರೆಯಲಿಲ್ಲ.

ಉಳಿದವರೂ ಅದನ್ನೇ ಹಿಡಿದರು. ಪ್ಯಾನಿನ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿ, ಒಬ್ಬರ ರೊಟ್ಟಿ ಇನ್ನೊಬ್ಬರ ಶೇಂಗಾ ಹಿಂಡಿಯೊಂದಿಗೆ ತಿನ್ನುವ ಜಾಗವೊಂದಿತ್ತು. ಅಲ್ಲಿಗೆ ನಾನು ಹೋದರೆ ಎಂಜಲ ಕೈಯಲ್ಲೇ ಎದ್ದು ನಿಲ್ಲತೊಡಗಿದರು. ಉಣ್ಣುವವರನ್ನು ಎಬ್ಬಿಸುವುದು ಯಾವ ದೊಡ್ಡಸ್ತಿಕೆ? ಹೋಗುವುದನ್ನು ಬಿಟ್ಟೆ. ನಾಲ್ಕು ವರ್ಷದಿಂದ ಗಾಜಿನ ಹಿಂದೆ ಒಬ್ಬನೇ ಉಣ್ಣುತ್ತೇನೆ. ರೊಟ್ಟಿ ಅದೇ, ರುಚಿ ಮಾತ್ರ ಇಲ್ಲ.

ಈ ವರ್ಷ ಕಾಕಾ ನಿವೃತ್ತರಾದರು. ಆಫೀಸಿನ ಹಾರ, ಶಾಲಿನ ಕಾರ್ಯಕ್ರಮದಲ್ಲಿ ನಾನು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದೆ. ಆದರೆ ನಮ್ಮ ವಿಭಾಗದ ನಿರೋಪ, ಅಂದರೆ ಬೀಳ್ಕೊಡುಗೆ, ಬೇರೆ. ಅದು ಆ ಬುತ್ತಿ ಉಣ್ಣುವ ಜಾಗದಲ್ಲೇ ಆಗುತ್ತದೆ. ಮನೆಮನೆಯಿಂದ ಹೋಳಿಗೆ ಬರುತ್ತದೆ. ಹೋಗುವವರ ತಲೆಗೆ ಅವರು ಮೊದಲು ಕೆಲಸ ಕಲಿಸಿದವನು ಫೇಟಾ ಸುತ್ತಬೇಕು. ಕಾಕಾ ಮೊದಲು ಕಲಿಸಿದ್ದು ನನಗೆ. ಅದೊಂದು ಹಕ್ಕು ನನ್ನದೇ ಎಂದು, ಯಾವ ಪ್ರಮೋಷನ್ನಿಗೂ ಕಾಯದಷ್ಟು ಕಾದಿದ್ದೆ.

ಸೋಮವಾರ ಮೆಟ್ಟಿಲಲ್ಲಿ ಪ್ಯಾನ್‌ಮನ್ ಒಬ್ಬ ಎದುರಾದ. ಗದ್ದಲದಲ್ಲೇ ಕೂಗಿ ಕೇಳಿದೆ, "ಕಾಕಾನ ನಿರೋಪ ಯಾವಾಗಪಾ?"

"ಪರವಾ ರೀ ಸಾಹೇಬ್ರ" ಎಂದವನೇ ತಲೆ ತಗ್ಗಿಸಿ ಇಳಿದು ಹೋದ.

ಮರುದಿನ ನಿಪ್ಪಾಣಿಗೆ ಹೋಗಿ ಒಳ್ಳೆಯ ಕೇಸರಿ ಫೇಟಾ ತಂದೆ. ಬುಧವಾರ ಊಟದ ಹೊತ್ತಿಗೆ ಅದನ್ನು ಹಿಡಿದು ಕೆಳಗೆ ಇಳಿದೆ. ಐವರು ಉಣ್ಣುತ್ತಿದ್ದರು, ಎದ್ದು ನಿಂತರು. ಹೋಳಿಗೆ ಇರಲಿಲ್ಲ, ಕಾಕಾ ಇರಲಿಲ್ಲ.

"ಇವತ್ತಲ್ಲೇನು?" ಎಂದೆ.

"ಆಗಿ ಹೋತಲ್ರಿ, ಶನಿವಾರ. ಪರವಾ ಅಂದಿದ್ನೆಲ್ರಿ" ಎಂದ ಮೆಟ್ಟಿಲಲ್ಲಿ ಸಿಕ್ಕಿದ್ದವನು, ಮೆಲ್ಲಗೆ.

"ನನಗ್ಯಾಕ ಹೇಳಲಿಲ್ಲ?"

ವಯಸ್ಸಾದವರೊಬ್ಬರು ಕೈ ಒರೆಸಿಕೊಳ್ಳುತ್ತ ಹೇಳಿದರು: "ಕಾಕಾನೇ ಬ್ಯಾಡ ಅಂದ್ರು ರೀ. ಮಂದಿ ಮುಂದ ಸಾಹೇಬ್ರಿಗೆ ಸಂಕೋಚ ಆಗ್ತೈತಿ, ಕರೀಬ್ಯಾಡ್ರಿ ಅಂದ್ರು."

ಕೋಣೆಗೆ ಬಂದು ಫೇಟಾವನ್ನು ಮೇಜಿನ ಮೇಲಿಟ್ಟು ಕುಳಿತೆ. ಕೆಳಗಿನವರ ಮೇಲೆ ಸಿಟ್ಟು ಬಂತು, ಆಮೇಲೆ ಪರವಾ ಅಂದವನ ಮೇಲೆ, ಆಮೇಲೆ ಮರಾಠಿಯ ಮೇಲೆ. ಅವರ ಜೊತೆ ಉಣ್ಣುತ್ತಿದ್ದರೆ ಆ ದಿನ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಿಟಕಿಯಾಚೆ ಅಷ್ಟು ಜನ ಓಡಾಡುತ್ತಿದ್ದರೂ ನನಗೆ ಯಾರೂ ಇಲ್ಲ ಎನಿಸಿತು.

ಭಾನುವಾರ ಕಾಕಾನ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದವರು ನನ್ನನ್ನು ಕಂಡು ಎದ್ದರು. "ಬರ್ರಿ ಸಾಹೇಬ್ರ" ಎಂದು ಒಳಗಿನಿಂದ ಕುರ್ಚಿ ತರಿಸಿದರು. ನಾನು ಕೂರಲಿಲ್ಲ.

"ಫೇಟಾ ಯಾರು ಕಟ್ಟಿದ್ರು ಕಾಕಾ?"

"ಯಾರೂ ಕಟ್ಟಲಿಲ್ರಿ. ಕೈಯಾಗ ಕೊಟ್ರು, ತಗೊಂಡು ಬಂದೆ."

ಚೀಲದಿಂದ ಬಟ್ಟೆ ತೆಗೆದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಕಟ್ಟೆಯ ಮೇಲೆ ಕುಳಿತು ತಲೆ ಬಾಗಿಸಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಎರಡು ಸುತ್ತು ಹಾಕುವಷ್ಟರಲ್ಲಿ ಬಟ್ಟೆ ಜಾರಿ ಅವರ ಕಿವಿಗೆ ಬಿತ್ತು.

"ಹಂಗಲ್ಲಲೇ, ಬಿಗಿ ಹಿಡಿ!"

ನನ್ನ ಕೈ ನಿಂತಿತು. ಇನ್ನೊಮ್ಮೆ ಅನ್ನಲಿ ಎಂದು ಕಾದೆ. ಅವರು ತಲೆ ಎತ್ತದೆ, ಗಂಟಲು ಸರಿಮಾಡಿಕೊಂಡು, "ಬಿಗಿ ಹಿಡೀರಿ, ಸಾಹೇಬ್ರ" ಎಂದರು.

ಬಿಗಿ ಹಿಡಿದೆ.