ಹುಳಿಯಲ್ಲಿ ಮುಳುಗಿದ ಲಂಗರು

ಹೋದ ಶನಿವಾರ ನನ್ನ ಹೆಂಡತಿ ನಮ್ಮ ಇಪ್ಪತ್ತು ವರ್ಷದ ದಾಂಪತ್ಯದ ಕಾಣಿಕೆಯನ್ನು ಹುರುಳಿಕಾಯಿ ಹುಳಿಯೊಳಗೆ ಅದ್ದಿ ಗರಗರ ತಿರುವುತ್ತಿದ್ದಳು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕೈಯಲ್ಲಿ ಬ್ಯಾಗು, ಬೆನ್ನಲ್ಲಿ ಮೂರು ಗಂಟೆ ಡ್ರೈವ್ ಮಾಡಿದ ನೋವು. "ವಸೂ! ಅದು ಸೌಟಲ್ಲ ಕಣೇ!" ಎಂದು ಕೂಗಿದೆ.

"ಸೌಟಲ್ಲದೆ ಇನ್ನೇನು? ಹಿಡಿ ಇದೆ, ಬಟ್ಟಲಿದೆ," ಅಂದಳು ವಸುಧಾ, ತಿರುಗಿಯೂ ನೋಡದೆ. "ಕೈಕಾಲು ತೊಳ್ಕೊಂಡು ಬನ್ನಿ."

ಹಾಲಿನಂತೆ ಬೆಳ್ಳಗಿದ್ದ ಮರದ ಚಮಚ ಈಗ ಅರಿಶಿನ ಹಚ್ಚಿಸಿಕೊಂಡ ಮದುಮಗನ ಹಾಗಿತ್ತು. ಹಿಡಿಯಲ್ಲಿ ಕೆತ್ತಿದ್ದ ಪುಟ್ಟ ಲಂಗರಿಗೆ ಒಂದು ಕರಿಬೇವಿನ ಎಲೆ ಸಿಕ್ಕಿಕೊಂಡಿತ್ತು. ಹೋದ ತಿಂಗಳು ನಾನು ಬಂದಾಗ ಅದು ಹಾಲ್‌ನ ಗೋಡೆಯ ಮೇಲೆ ರಾಜನಂತೆ ನೇತಾಡುತ್ತಿತ್ತು.

ಇರಿ, ಮೊದಲಿನಿಂದ ಹೇಳುತ್ತೇನೆ.

ಹಳೆಯ ಓದುಗರಿಗೆ ಗೊತ್ತು, ನಾನಿರುವುದು ಲಾಸ್ ಏಂಜಲಿಸ್‌ನ ಸ್ಯಾನ್ ಪೀಡ್ರೊದಲ್ಲಿ. ಬಂದರಿನ ಪಕ್ಕ ಒಂದು ಶಿಪ್ಪಿಂಗ್ ಆಫೀಸು, ಅದರಲ್ಲಿ ನನ್ನದೊಂದು ಮೇಜು, ಮೇಜಿನ ತುಂಬ ಕಂಟೇನರುಗಳ ಪೇಪರು. (ಈ ಅಂಕಣ ಪತ್ರಿಕೆಗೆ ಫ್ಯಾಕ್ಸ್ ಆಗಿ ಹೋಗುವುದೂ ಅಲ್ಲಿಂದಲೇ. ಮ್ಯಾನೇಜರಿಗೆ ಕನ್ನಡ ಬಾರದಿರುವುದು ನನ್ನ ಪುಣ್ಯ.) ನಾಲ್ಕು ವರ್ಷದ ಹಿಂದೆ ವಸುಧಾಳಿಗೆ ಸ್ಯಾನ್ ಡಿಯೇಗೊದಲ್ಲಿ ಲ್ಯಾಬಿನ ಕೆಲಸ ಸಿಕ್ಕಿತು. ಸ್ವಲ್ಪ ದಿನ ನೋಡೋಣ ಎಂದುಕೊಂಡು ಅಲ್ಲೊಂದು ಅಪಾರ್ಟ್‌ಮೆಂಟು ಹಿಡಿದೆವು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಮೊದಲ ವರ್ಷ ಪ್ರತಿ ಶುಕ್ರವಾರ ಸಂಜೆಯೇ ಹೊರಡುತ್ತಿದ್ದೆ. ಎರಡನೇ ವರ್ಷ ಶನಿವಾರ ಬೆಳಿಗ್ಗೆ. ಮೂರನೇ ವರ್ಷ ಹದಿನೈದು ದಿನಕ್ಕೊಮ್ಮೆ. ಈಗ? ಫೋನಿನಲ್ಲಿ "ಈ ವಾರ ಟ್ರಾಫಿಕ್ ಜಾಸ್ತಿಯಂತೆ" ಅನ್ನುತ್ತೇನೆ. "ಹೂಂ, ಅಂತೆ" ಅನ್ನುತ್ತಾಳೆ. ಟ್ರಾಫಿಕ್ ಯಾವ ವಾರ ಕಡಿಮೆಯಿತ್ತು, ಸ್ವಾಮಿ?

"ಇಲ್ಲೇ ಬಂದ್ಬಿಡಿ" ಎಂದು ಅವಳು ಕೇಳಿದ್ದು ಒಂದೇ ಸಲ, ಆ ಮೊದಲ ವರ್ಷದಲ್ಲಿ. "ನಂದು ಬಂದರಿನ ಕೆಲಸ ಕಣೇ. ಬಂದರನ್ನ ತಲೆ ಮೇಲೆ ಹೊತ್ಕೊಂಡು ಬರ್ಲಾ?" ಎಂದು ತಮಾಷೆ ಮಾಡಿದೆ. ಅವಳು ನಕ್ಕಳು. ಮತ್ತೆ ಆ ಮಾತು ಎತ್ತಲಿಲ್ಲ.

ನಮಗೆ ಮಕ್ಕಳಿಲ್ಲ. (ಹೇಳಿಬಿಟ್ಟೆ. ಯಾಕೆ ಅಂತ ಪತ್ರ ಬರೆಯಬೇಡಿ.) ಹಾಗಾಗಿ ಸ್ಯಾನ್ ಪೀಡ್ರೊದ ಮನೆಯಲ್ಲಿ ಸದ್ದು ಅಂದರೆ ಫ್ರಿಜ್ಜಿನದು. ಸಿಂಕಿನ ಮುಂದೆ ನಿಂತುಕೊಂಡು ಪಾತ್ರೆಯಿಂದಲೇ ಊಟ ಮಾಡುತ್ತೇನೆ. ಒಬ್ಬನಿಗೆ ತಟ್ಟೆ ಯಾಕೆ? ಆಫೀಸಿನಿಂದ ಬಂದವನೇ ಆನ್ಸರಿಂಗ್ ಮಶೀನ್ ನೋಡುತ್ತೇನೆ. ಕೆಂಪು ದೀಪ ಮಿನುಗುತ್ತಿದ್ದರೆ ಹಬ್ಬ. ಒತ್ತಿದರೆ ಹಲ್ಲಿನ ಡಾಕ್ಟರ ರಿಸೆಪ್ಷನಿಸ್ಟು.

ಕ್ಯಾಲಬಾಸಸ್‌ನ ದೇವಸ್ಥಾನಕ್ಕೆ ಹೋದರೆ ಆಂಟಿಯರು ಮುತ್ತಿಕೊಳ್ಳುತ್ತಾರೆ. "ಮಿಸೆಸ್ ಬರ್ಲಿಲ್ವಾ? ಈ ಸಲವೂ ಬರ್ಲಿಲ್ವಾ?" ಅವರು ಕೆಟ್ಟವರಲ್ಲ, ಪಾಪ. ಆದರೂ ನಾನೀಗ ಜನರಿಲ್ಲದ ಮಂಗಳವಾರ ರಜ ಹಾಕಿ ಹೋಗುತ್ತೇನೆ. ದೇವರು ಏನೂ ಕೇಳುವುದಿಲ್ಲ.

ಇಂಥದ್ದೇ ಒಂದು ಖಾಲಿ ಭಾನುವಾರ ಕಾಲು ಹೋದಲ್ಲಿ ನಡೆಯುತ್ತಿದ್ದೆ. ಹಿಂದಿನ ಬೀದಿಯ ಒಂದು ಗ್ಯಾರೇಜು ತೆರೆದಿತ್ತು. ಒಳಗೆ ಕಾರಿಲ್ಲ. ಗೋಡೆಯ ತುಂಬ ಮರದ ಚಮಚಗಳು. ನಡುವೆ ಉಳಿ ಹಿಡಿದು ಕೂತಿದ್ದ ಎಪ್ಪತ್ತರ ಹಿರಿಯರ ಹೆಸರು ಎಮ್ರಿಸ್. ಹಡಗಿನ ಬಡಗಿಯಾಗಿದ್ದು ರಿಟೈರ್ ಆದವರು. ವೇಲ್ಸ್ ನಾಡಿನವರು. (ನಾನು "ಓ, ಇಂಗ್ಲಿಷ್!" ಅಂದುಬಿಟ್ಟೆ. ಅವರು ಉಳಿ ಕೆಳಗಿಟ್ಟು, "ಅಲ್ಲ, ಕೆಲ್ಟಿಕ್. ನಮ್ಮ ಜನ, ಭಾಷೆ ಎಲ್ಲ ಬೇರೆ" ಎಂದು ತಿದ್ದಿದರು. ಊರೆಲ್ಲ ಮದ್ರಾಸಿ ಅನ್ನಿಸಿಕೊಂಡು ಬಂದವನಿಗೆ ಆ ಸಿಟ್ಟು ಗೊತ್ತಿಲ್ಲವೇ?)

ಅವರ ಕಡೆ ಹುಡುಗ ತಾನು ಮೆಚ್ಚಿದ ಹುಡುಗಿಗೆ ಒಂದೇ ತುಂಡು ಮರದಲ್ಲಿ ಚಮಚ ಕೆತ್ತಿ ಕೊಡುವ ಪದ್ಧತಿಯಿತ್ತಂತೆ. ಲವ್ ಸ್ಪೂನ್. ಹಿಡಿಯ ತುಂಬ ಹೆಣೆದ ಗಂಟು. ಎಳೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ, ನಮ್ಮಮ್ಮ ಹಾಕುತ್ತಿದ್ದ ಎಳೆ ರಂಗೋಲಿಯ ಹಾಗೆ. ಗಂಟಿನ ನಡುವೆ ಪುಟ್ಟ ಪುಟ್ಟ ಆಕೃತಿಗಳು, ಒಂದೊಂದಕ್ಕೆ ಒಂದೊಂದು ಅರ್ಥ. ಬಾಯಿಬಿಟ್ಟು ಹೇಳಲಾರದ ಹುಡುಗರಿಗೆ ಎಂಥ ಅನುಕೂಲ!

"ನೀನೇ ಕೆತ್ತು, ಕಲಿಸ್ತೀನಿ," ಅಂದರು ಎಮ್ರಿಸ್. (ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಕೇಳಿಸಿಕೊಳ್ಳಿ.) ಪೆನ್ಸಿಲ್ ಚೂಪು ಮಾಡಲು ಹೋಗಿ ಬೆರಳು ಕುಯ್ದುಕೊಳ್ಳುವ ಆಸಾಮಿ ನಾನು. ಮದುವೆಯ ವಾರ್ಷಿಕೋತ್ಸವ ಹತ್ತಿರ ಬರ್ತಿದೆ, ನೀವೇ ಮಾಡಿಕೊಡಿ ಅಂದೆ.

"ಏನು ಕೆತ್ತಲಿ?"

ಗೋಡೆ ನೋಡಿದೆ. ಹೃದಯ, ಬೀಗದ ಕೈ, ಚಕ್ರ, ಲಂಗರು. ಲಂಗರು ಅಂದೆ. ಬಂದರಿನವನಲ್ಲವೇ? ನಮ್ಮ ಆಫೀಸಿನ ಲೆಟರ್‌ಹೆಡ್ಡಿನಲ್ಲೂ ಅದೇ ಇದೆ. ಎಮ್ರಿಸ್ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಯೋಚನೆ ಮಾಡಿ ಹೇಳ್ತಿದ್ದೀಯ ತಾನೇ?" ಅಂದರು. ಚಮಚಕ್ಕೆಂಥ ಯೋಚನೆ ಮಾರಾಯರೇ!

ಕೆತ್ತಿ ಮುಗಿಸಿ ಡಬ್ಬಿಯಲ್ಲಿಟ್ಟು ಕೊಟ್ಟರು. ಮುಚ್ಚಳ ತೆಗೆದು ನೋಡಿದೆ, ಚೆಂದವೋ ಚೆಂದ. ತಳದಲ್ಲಿ ಮಡಿಸಿದ ಚೀಟಿಯೊಂದಿತ್ತು. ತೊಳೆಯುವುದು ಹೇಗೆ ಎಂದು ಬರೆದಿರಬೇಕು ಅಂದುಕೊಂಡು ಹಾಗೇ ಮುಚ್ಚಿದೆ.

ಆರು ತಿಂಗಳ ಹಿಂದೆ, ವಾರ್ಷಿಕೋತ್ಸವದ ದಿನ, ಅದನ್ನು ವಸುಧಾಳ ಕೈಗಿಟ್ಟೆ. ಚಮಚ ನೋಡಿದಳು. ಚೀಟಿ ಓದಿದಳು. ಮತ್ತೆ ಓದಿದಳು. ಕಣ್ಣು ತುಂಬಿತ್ತು.

"ನಿಜವಾಗ್ಲೂನಾ?" ಅಂದಳು.

"ಮತ್ತೆ? ಸುಳ್ಳು ಹೇಳ್ತೀನಾ?" ಅಂದೆ. ಕೈಯಲ್ಲೇ ಕೆತ್ತಿದ್ದಾ ಎಂದು ಕೇಳಿದಳೆಂದುಕೊಂಡು ಎಮ್ರಿಸ್‌ರ ಉಳಿಗಳ ಬಗ್ಗೆ ಅರ್ಧ ಗಂಟೆ ಕೊರೆದೆ. ಉಡುಗೊರೆ ಅಂದರೆ ಹೀಗಿರಬೇಕು ಎಂದು ಬೀಗುತ್ತ ಭಾನುವಾರ ವಾಪಸ್ ಬಂದೆ.

ಆ ಚಮಚವೇ ಈಗ ಹುಳಿಯಲ್ಲಿ!

"ಗೋಡೆಯಿಂದ ಯಾಕೆ ತೆಗ್ದೆ?" ಎಂದು ಜಗಳಕ್ಕೇ ನಿಂತೆ.

"ಗೋಡೆ ಮೇಲಿದ್ದು ಏನ್ಮಾಡುತ್ತೆ? ಐದು ತಿಂಗ್ಳು ನೋಡ್ದೆ," ಅಂದಳು. "ಅಡುಗೆಮನೇಲಾದ್ರೆ ದಿನಾ ಕೈಗಾದ್ರೂ ಸಿಗುತ್ತೆ."

ಹುಳಿ ಚೆನ್ನಾಗಿತ್ತು. ಇವಳಿಗೆ ಬೆಲೆಯೇ ಗೊತ್ತಿಲ್ಲ ಎಂದು ಒಳಗೊಳಗೇ ಗೊಣಗುತ್ತ, ಚಮಚವನ್ನು ಪೇಪರಿನಲ್ಲಿ ಸುತ್ತಿಕೊಂಡು ಮರುದಿನ ಹೊರಟೆ. ಅವಳು ತಡೆಯಲಿಲ್ಲ. ಬಾಗಿಲವರೆಗೂ ಬಂದು, ಟ್ರಾಫಿಕ್ ಇರುತ್ತೆ, ನಿಧಾನ ಅಂದಳು.

ಸೋಮವಾರ ಸಂಜೆ ಅದನ್ನು ಎಮ್ರಿಸ್ ಮುಂದಿಟ್ಟು, ಈ ಹಳದಿ ಹೋಗುತ್ತಾ ಎಂದು ಕೇಳಿದೆ. ಅವರು ಮೂಸಿ ನೋಡಿದರು. ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು. "ದಿನಾ ಬಳಸಿದ್ದಾಳೆ," ಅಂದರು. ಆಮೇಲೆ ನನ್ನನ್ನು ನೋಡಿದರು. "ನೀನಿನ್ನೂ ಇಲ್ಲೇ ಯಾಕಿದ್ದೀಯ?"

"ಅಂದರೆ?"

"ಲಂಗರು ಕೊಟ್ಟವನು ನೀನು. ತಿರುಗಾಟ ಸಾಕು, ಇನ್ನು ನಿನ್ನ ಹತ್ತಿರವೇ ನೆಲೆ ನಿಲ್ತೀನಿ ಅಂತ ಅದರ ಅರ್ಥ. ಚೀಟಿಯಲ್ಲಿ ಬರೆದಿದ್ದೆನಲ್ಲ, ಓದಲಿಲ್ಲವಾ?"

ಅಯ್ಯೋ ದೇವರೇ.

ನಿಜವಾಗ್ಲೂನಾ ಎಂದು ಅವಳು ಕೇಳಿದ್ದು ಅದನ್ನು. ನಾನು ಸುಳ್ಳು ಹೇಳ್ತೀನಾ ಎಂದು ಎದೆಯುಬ್ಬಿಸಿದ್ದೂ ಅದಕ್ಕೇ. ಐದು ತಿಂಗಳು ಅವಳು ಪ್ರತಿ ಶುಕ್ರವಾರ ಕಾದಿದ್ದಾಳೆ. ನಾನು ಫೋನ್ ಮಾಡಿ ಟ್ರಾಫಿಕ್ ಎಂದಿದ್ದೇನೆ. ಇಷ್ಟು ದಿನ ಒಂಟಿ ನಾನೊಬ್ಬನೇ ಎಂದುಕೊಂಡಿದ್ದೆ. ನಾಚಿಕೆಯಾಯಿತು.

ಎಮ್ರಿಸ್ ಎದ್ದು ಬಾಗಿಲ ಮೇಲಿಂದ ಒಂದು ಚಮಚ ಇಳಿಸಿದರು. ಅದರಲ್ಲೂ ಲಂಗರು. "ನನ್ನ ಹೆಂಡತಿಯದು. ಮದುವೆಗೆ ಮುಂಚೆ ಕೊಟ್ಟದ್ದು. ವರ್ಷದಲ್ಲಿ ಹತ್ತು ತಿಂಗಳು ಹಡಗಿನಲ್ಲೇ ಇದ್ದೆ. ರಿಟೈರ್ ಆಗಿ ಬಂದ ಮೇಲೆ ಎರಡು ಚಳಿಗಾಲ ಜೊತೆಗಿದ್ದೆವು, ಅಷ್ಟೇ. ನೋಡು, ಹೊಸದರ ಹಾಗೇ ಇದೆ."

ಹೊಸದರ ಹಾಗೇ ಇತ್ತು. ನನಗೆ ನೋಡಲಾಗಲಿಲ್ಲ.

ಶೋಕೇಸಿನ ಕಪ್‌ಸಾಸರು ಅತಿಥಿಗಳಿಗೆ. ಒಳ್ಳೆಯ ರೇಷ್ಮೆ ಯಾರದೋ ಮದುವೆಗೆ. ಸೋಫಾಕ್ಕೆ ಪ್ಲಾಸ್ಟಿಕ್ ಕವರು, ಟೀವಿ ರಿಮೋಟಿಗೂ ಕವರು. ಒಳ್ಳೆಯದನ್ನೆಲ್ಲ ಆಮೇಲೆ ಅಂತ ಎತ್ತಿಡುವುದರಲ್ಲಿ ನಮ್ಮವರನ್ನು ಮೀರಿಸುವವರುಂಟೇ? ಆದರೆ ಹೆಂಡತಿಯನ್ನೇ ಎತ್ತಿಟ್ಟ ಮಹಾನುಭಾವ ಬಹುಶಃ ನಾನೊಬ್ಬನೇ ಇರಬೇಕು.

"ಉಜ್ಜಿ ತೆಗೀಲಾ?" ಅಂದರು ಎಮ್ರಿಸ್, ಸ್ಯಾಂಡ್‌ಪೇಪರ್ ಹಿಡಿದು.

"ಬೇಡ!" ಎಂದು ಚಮಚವನ್ನು ಕಿತ್ತುಕೊಂಡೇ ಬಂದೆ.

ನಾವು ಫೋನ್ ಮಾಡುವುದು ಎಂಟು ಗಂಟೆಗೆ. ಅವತ್ತು ಆರಕ್ಕೇ ಮಾಡಿದೆ.

"ಏನ್ರೀ, ಇಷ್ಟು ಬೇಗ? ಹುಷಾರಾಗಿದ್ದೀರಾ?"

"ಹುಷಾರಾಗಿದ್ದೀನಿ. ವಸೂ..." ಇಪ್ಪತ್ತು ವರ್ಷ ಸಂಸಾರ ಮಾಡಿದವಳ ಹತ್ತಿರ ನಾಲಿಗೆ ತಡವರಿಸುತ್ತದೆಯೇ? ತಡವರಿಸಿತು. "ಆ ಚೀಟೀಲಿ ಏನಿತ್ತು ಅಂತ ಇವತ್ತು ಗೊತ್ತಾಯ್ತು ಕಣೇ. ನಾನು ಓದಿರ್ಲಿಲ್ಲ."

ಆ ಕಡೆ ನಲ್ಲಿ ನಿಲ್ಲಿಸಿದ್ದು ಕೇಳಿಸಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಾಲ್ಕು ವರ್ಷದಿಂದ ಕೇಳಬೇಕಾಗಿದ್ದನ್ನು ಕೊನೆಗೂ ಕೇಳಿದೆ, ಈಗ ತಾನೇ ಹೊಳೆದವನ ಹಾಗೆ: "ಅಲ್ಲಾ, ಸ್ಯಾನ್ ಡಿಯೇಗೊದಲ್ಲೂ ಒಂದು ಬಂದರಿದೆ ಅಲ್ವಾ?"

"ಇದೆ," ಅಂದಳು ವಸುಧಾ. "ನಾನು ಬಂದಾಗಿನಿಂದ್ಲೂ ಇದೆ."