ಬಿರಡೆಯಕ್ಕ ಕೊರೆದ ತೂತು

ಕಾಲುವೆಯ ದಡಕ್ಕೆ ಕಟ್ಟಿದ ದೋಣಿಗಳಲ್ಲಿ ಸಂಸಾರ ಹೂಡಿದವರೆಲ್ಲ ಆಕೆಯನ್ನು ಬಿರಡೆಯಕ್ಕ ಎಂದೇ ಕರೆಯುತ್ತಿದ್ದರು. ತೂತು ಕಂಡರೆ ಆಕೆಯ ಕೈ ಸುಮ್ಮನಿರುತ್ತಿರಲಿಲ್ಲ. ಹಲಗೆಗಳ ಸಂದಿಗೆ ಎಣ್ಣೆ ಹಚ್ಚಿದ ನಾರು ತುರುಕಿ, ಕೊಡತಿಯಿಂದ ಬಡಿದು, ಮೇಲೆ ಬಿಸಿ ಡಾಂಬರು ಎಳೆಯುವುದು ಆಕೆಯ ಕಸುಬು. ಅಪ್ಪ ಕಲಿಸಿದ್ದು. ಸೂಜಿಮೊನೆಯಷ್ಟು ಸಂದು ಬಿಟ್ಟರೂ ಅದು ದೋಣಿಗೆ ಬಗೆದ ದ್ರೋಹ ಎನ್ನುತ್ತಿದ್ದ ಮನುಷ್ಯ ಅವನು. ಮಗಳೂ ಹಾಗೆಯೇ ಬೆಳೆದಳು. ಆಕೆ ಕೈ ಹಾಕಿದ ದೋಣಿಯೊಳಗೆ ನೀರು ಬಂತೆಂದು ಯಾರೂ ದೂರಿದ್ದಿಲ್ಲ.

ಗಂಡ ತೀರಿಕೊಂಡ ಮೇಲೆ ದೋಣಿಯಲ್ಲಿ ಉಳಿದವರು ಇಬ್ಬರೇ, ಬಿರಡೆಯಕ್ಕ ಮತ್ತು ಅವಳ ಅತ್ತೆ. ಅಡುಗೆಯೆಲ್ಲ ಹೊರಗೆ, ದೋಣಿಯ ಮುಂಭಾಗದಲ್ಲಿ. ಚಳಿಗಾಲದಲ್ಲಿ ಒಳಗೆ ಕಂಬಳಿ ಹೊದ್ದು ಮಲಗಿದರೆ ಸಾಕಾಗುತ್ತಿತ್ತು. ಆದರೆ ಆ ವರ್ಷ ಅತ್ತೆ ಹಾಸಿಗೆ ಹಿಡಿದರು. ಎಷ್ಟು ಹೊದೆಸಿದರೂ ಕಾಲು ಮರಗಟ್ಟುತ್ತಿತ್ತು. ಬಿರಡೆಯಕ್ಕ ಒಂದು ಕಬ್ಬಿಣದ ಒಲೆ ತರಿಸಿ ಒಳಕೋಣೆಯಲ್ಲೇ ಹೂಡಿದಳು. ತಗಡಿನ ಕೆಲಸದವನು ಬಂದು ಹೊಗೆಕೊಳವೆ ಜೋಡಿಸಿ, ಚಾವಣಿಯಿಂದ ಮೇಲಕ್ಕೆ ಹಾಯಿಸಿ ಹೋದ.

ಒಲೆ ಹಚ್ಚಿದ ದಿನವೇ ಗ್ರಹಚಾರ ಶುರುವಾಯಿತು. ಹೊಗೆ ಕೊಳವೆಯ ದಾರಿ ಹಿಡಿಯದೆ ಒಲೆಯ ಬಾಯಿಂದಲೇ ಹೊರಬಿದ್ದು ಕೋಣೆ ತುಂಬಿತು. ಕಣ್ಣು ಉರಿದು, ತಲೆ ಸಿಡಿದು, ಅತ್ತೆಗೆ ಕೆಮ್ಮು ಹತ್ತಿತು. ಬಾಗಿಲು ತೆಗೆದರೆ ಹೊಗೆ ಹೋಗುತ್ತಿತ್ತು, ಜೊತೆಗೆ ಬಿಸಿಯೂ ಹೋಗುತ್ತಿತ್ತು.

ಅಷ್ಟರಲ್ಲಿ ಪೇಟೆಯಲ್ಲಿದ್ದ ನಾದಿನಿ ಬಂದಳು. ಕೆಟ್ಟವಳಲ್ಲ. ಹೆತ್ತ ತಾಯಿ ಹೊಗೆಯಲ್ಲಿ ಬೇಯುವುದನ್ನು ಯಾವ ಮಗಳು ನೋಡಿಕೊಂಡು ಸುಮ್ಮನಿದ್ದಾಳು?

"ಅತ್ತಿಗೆ, ಅಮ್ಮನ ಕೆಮ್ಮು ದಡದವರೆಗೂ ಕೇಳ್ಸುತ್ತೆ," ಎಂದಳು. "ಭಾನುವಾರ ಗಾಡಿ ತರ್ತೀನಿ. ಅಷ್ಟರೊಳಗೆ ಈ ಒಲೆ ನೆಟ್ಟಗೆ ಉರಿದ್ರೆ ಸರಿ. ಇಲ್ದಿದ್ರೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ. ನೀವು ಬೇಜಾರು ಮಾಡ್ಕೋಬಾರ್ದು."

ಬಿರಡೆಯಕ್ಕ ಆಗಲಿ ಎಂದಳು. ನಾದಿನಿ ಹೋದ ಮೇಲೆ ಮುದುಕಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮದುವೆಯಾಗಿ ಬಂದಾಗಿನಿಂದ ನೀರಿನ ಮೇಲೆ ಮಲಗಿದ ಜೀವ ಅದು. ಮಗಳ ಮನೆಗೆ ಹೋದಾಗಲೆಲ್ಲ, ಅಲುಗಾಡದ ನೆಲದ ಮೇಲೆ ರೆಪ್ಪೆ ಮುಚ್ಚುವುದಿಲ್ಲವೆಂದು ಎರಡೇ ದಿನಕ್ಕೆ ವಾಪಸು ಬರುತ್ತಿದ್ದರು. ಈ ಸಲ ಹೋದರೆ ವಾಪಸಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಬಿರಡೆಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೊಳವೆ ಬಿಚ್ಚಿ ಮಸಿ ಕೆರೆದಳು. ಹಸಿ ಕಟ್ಟಿಗೆ ಆಚೆಗೆಸೆದು ಒಣ ಕಟ್ಟಿಗೆ ತಂದಳು. ಕೊಳವೆಯ ಕೀಲುಗಳಿಗೆ ಜೇಡಿಮಣ್ಣು ಮೆತ್ತಿದಳು. ತಗಡಿನವನನ್ನು ಮತ್ತೆ ಕರೆಸಿ ಕೊಳವೆಯನ್ನು ಇನ್ನೊಂದು ಆಳೆತ್ತರ ಏರಿಸಿದ್ದಾಯಿತು. ಅಕ್ಕಪಕ್ಕದ ದೋಣಿಯವರು, ಇವರು ಬಾವುಟ ಹಾರಿಸುವವರಿದ್ದಾರೆಂದು ನಗೆಯಾಡಿದರು. ಹೊಗೆ ಒಂದಿಷ್ಟು ತಗ್ಗಿತು, ಬಿಟ್ಟು ಹೋಗಲಿಲ್ಲ. ಕೊಳವೆಯಲ್ಲಿ ಏನೂ ತಪ್ಪಿಲ್ಲ, ಇನ್ನು ನಿನ್ನ ದೋಣಿಯನ್ನೇ ಕೇಳು ಎಂದು ತಗಡಿನವನು ಕೈ ಚೆಲ್ಲಿದ.

ಆಗ ಆಕೆ ತನಗೆ ಗೊತ್ತಿದ್ದ ವಿದ್ಯೆಗೇ ಇಳಿದಳು. ಎಲ್ಲೋ ಸಂದು ಬಿಟ್ಟಿರಬೇಕು, ಹೊರಗಿನ ಗಾಳಿ ನುಗ್ಗಿ ಹೊಗೆಯನ್ನು ತಿರುಗಿಸುತ್ತಿರಬೇಕು ಎಂದು ಲೆಕ್ಕ ಹಾಕಿದಳು. ನಾರು ತೆಗೆದುಕೊಂಡು ಕೂತವಳು ಕಿಟಕಿಯ ಚೌಕಟ್ಟು, ಬಾಗಿಲ ಅಂಚು, ಹಲಗೆಯ ಗಂಟು ಒಂದನ್ನೂ ಬಿಡಲಿಲ್ಲ. ಕೊಡತಿಯ ಸದ್ದಿಗೆ ಮುದುಕಿಗೆ ತಲೆನೋವು ಬೇರೆ. ಕೋಣೆ ಬೆಣ್ಣೆ ತುಂಬಿದ ಭರಣಿಯ ಹಾಗೆ ಬಿಗಿಯಾಯಿತು. ಒಲೆ ಹಚ್ಚಿದರೆ ಹೊಗೆ ಮೊದಲಿಗಿಂತ ದುಪ್ಪಟ್ಟು.

"ಇನ್ನು ನನ್ನ ಮೂಗೊಂದು ಬಾಕಿ ಇದೆ ನೋಡು," ಎಂದರು ಅತ್ತೆ ಕೆಮ್ಮುತ್ತಲೇ. "ಅದನ್ನೂ ತುಂಬಿಬಿಡು."

ಶನಿವಾರ ಬೆಳಗ್ಗೆ ಬೂದಿ ಚೆಲ್ಲಲು ಬಾಗಿಲು ತೆರೆದವಳು ಹಾಗೇ ನಿಂತಳು. ಒಲೆಯೊಳಗೆ ಸಾಯುತ್ತಿದ್ದ ಬೆಂಕಿ ಗಕ್ಕನೆ ಎದ್ದು ಕೂತಿತ್ತು. ಬಾಗಿಲು ಮುಚ್ಚಿದಳು. ಕುಗ್ಗಿತು. ಮತ್ತೆ ತೆರೆದಳು. ಕೊಳವೆ ಹುಲಿಯ ಹಾಗೆ ಗುರ್ ಎಂದಿತು. ಇಷ್ಟು ದಿನ ಬಾಗಿಲಿಂದ ಹೊಗೆ ಹೊರಹೋಗುವುದನ್ನಷ್ಟೇ ನೋಡಿದ್ದಳು. ಈಗ ಸಂದು ಹುಡುಕುವಾಗ ಮಾಡುವಂತೆ ಒಂದೆಳೆ ನಾರು ತೆಗೆದು, ಬೆರಳಗಲ ತೆರೆದ ಬಾಗಿಲ ಬುಡಕ್ಕೆ ಹಿಡಿದಳು. ಎಳೆ ಒಳಕ್ಕೆ, ಒಲೆಯ ಕಡೆಗೆ ನೆಟ್ಟಗೆ ಬಾಗಿತು.

ಬಿರಡೆಯಕ್ಕ ನೆಲದ ಮೇಲೆ ಕುಕ್ಕರಿಸಿದಳು. ಒಲೆಗೆ ಉಸಿರು ಬೇಕಾಗಿತ್ತು. ಅದರ ಗಂಟಲನ್ನು ನಾರು ತುರುಕಿ ತುರುಕಿ ತಾನೇ ಹಿಚುಕುತ್ತಿದ್ದಳು. ಪಕ್ಕದ ದೋಣಿಗಳ ಒಲೆಗಳೇಕೆ ಉರಿಯುತ್ತವೆಂಬುದೂ ಈಗ ಹೊಳೆಯಿತು. ಅವರ ದೋಣಿಯ ತಳವಷ್ಟೇ ಆಕೆ ಬಿಗಿದದ್ದು, ಮೇಲಿನವೆಲ್ಲ ಗಾಳಿಯಾಡುವ ಹರಕು ಕೋಣೆಗಳು. ಅವರನ್ನು ಆಕೆ ಎಷ್ಟು ಹಂಗಿಸಿದ್ದಳೋ.

ಬಾಗಿಲು ತೆರೆದಿಟ್ಟರೆ ಅತ್ತೆಯ ಮೈಮೇಲೆ ಚಳಿಗಾಳಿ. ಅದು ಆಗದು. ಒಲೆಯ ಹಿಂದೆಯೇ, ಕೋಣೆಯ ಗೋಡೆಯ ಬುಡದಲ್ಲಿ, ನೀರಿಗಿಂತ ಸಾಕಷ್ಟು ಮೇಲೆ ಒಂದು ತೂತು ಕೊರೆಯಬೇಕು. ದಾರಿ ಅದೊಂದೇ. ಪೆಟ್ಟಿಗೆಯ ತಳದಿಂದ ಗಂಡನ ಬೈರಿಗೆ ತೆಗೆದಳು. ಅದರ ಮೊನೆಯನ್ನು ಹಲಗೆಗೆ ಊರಿದಳು. ಜೀವಮಾನವಿಡೀ ತೂತು ಮುಚ್ಚಿದ ಕೈ ಅದು.

ಅತ್ತೆ ದಿಂಬಿನಿಂದ ತಲೆ ಎತ್ತಿದರು. "ಏನೇ ಅದು? ದೋಣೀಗೆ ತೂತು ಹಾಕ್ತಿದ್ದೀಯಾ?"

"ಹೂಂ ಅತ್ತೆ."

"ನಿಮ್ಮಪ್ಪ ಇದ್ದಿದ್ರೆ ನಿನ್ನ ಕೈ ಮುರೀತಿದ್ದ."

"ಮುರಿದ್ರೆ ಮುರೀಲಿ. ನಾಳೆ ನೀವು ಗಾಡಿ ಹತ್ತೋದು ಬೇಡ."

ಮುದುಕಿ ಬೈರಿಗೆ ಹಿಡಿದ ಕೈಯನ್ನು ನೋಡಿದರು. ಆಮೇಲೆ, "ಸೊಟ್ಟಗೆ ಕೊರೀಬೇಡ. ಮೊಣಕಾಲೂರಿ ಕೂತ್ಕೋ," ಎಂದರು.

ಬಿರಡೆಯಕ್ಕ ಮೊಣಕಾಲೂರಿದಳು. ಕಣ್ಣು ಮುಚ್ಚಿ ಒಂದು ಸುತ್ತು, ಕಣ್ಣು ತೆರೆದು ಹತ್ತು ಸುತ್ತು. ಹಲಗೆಯ ಹುಡಿ ಮಡಿಲಿಗೆ ಉದುರಿತು. ಬೈರಿಗೆ ಆಚೆ ದಾಟಿದಾಗಲೂ ನಿಲ್ಲಿಸಲಿಲ್ಲ. ಒಂದರ ಪಕ್ಕ ಒಂದು ಕೊರೆದು, ಉಳಿಯಿಂದ ಕೂಡಿಸಿ, ಮುಷ್ಟಿ ಹಿಡಿಯುವಷ್ಟು ಅಗಲ ಮಾಡಿದಳು. ಮಳೆನೀರು ನುಗ್ಗದಂತೆ ಹೊರಗಡೆ ಕೆಳಮುಖವಾಗಿ ಬಾಗಿದ ಕೊಳವೆಯೊಂದನ್ನು ತಗಡಿನವನಿಂದ ಕೂಡಿಸಿದಳು. ಆ ಕೊಳವೆಯ ಸುತ್ತ ಮಾತ್ರ ನಾರು ಬಿಗಿಯುವುದನ್ನು ಬಿಡಲಿಲ್ಲ. ಅಷ್ಟೂ ಮಾಡದಿದ್ದರೆ ಅವಳಿಗೆ ಅನ್ನ ಇಳಿಯುತ್ತಿತ್ತೇ? ಆಮೇಲೆ ಹೊಗೆಕೊಳವೆಯೊಳಗೆ ಒಂದಿಷ್ಟು ಕಾಗದ ಉರಿಸಿ ಬೆಚ್ಚಗೆ ಮಾಡಿ, ಬಾಗಿಲು ಭದ್ರಪಡಿಸಿ, ಒಲೆ ಹಚ್ಚಿದಳು. ಹೊಗೆ ಒಮ್ಮೆ ಒಲೆಯ ಬಾಯಿಗೆ ಬಂದು ಇಣುಕಿತು, ಹಿಂದೆ ಸರಿಯಿತು, ಮೇಲೆ ಹತ್ತಿಹೋಯಿತು. ಮತ್ತೆ ಇಳಿಯಲಿಲ್ಲ.

ಭಾನುವಾರ ನಾದಿನಿ ಬಂದಳು. ಗಾಡಿಯವನನ್ನು ದಡದಲ್ಲಿ ನಿಲ್ಲಿಸಿ ಒಳಗೆ ಬಂದು, ಬಾಗಿಲು ತಾನೇ ಮುಚ್ಚಿ, ಪರೀಕ್ಷೆ ಮಾಡುವವಳ ಹಾಗೆ ಒಲೆಯ ಮುಂದೆ ಕೂತಳು. ಮೂಗೆಳೆದು ನೋಡಿದಳು. ತಾಯಿಯ ಅಂಗಾಲು ಮುಟ್ಟಿ ನೋಡಿದಳು. ಅಂಗಾಲು ಬೆಚ್ಚಗಿತ್ತು. ತಾಯಿ ಕೆಮ್ಮುತ್ತಾಳೇನೋ ಎಂದು ಕಾದಳು, ಕಾದಳು, ಕಾಯುತ್ತ ಕಾಯುತ್ತ ಶಾಲು ತೆಗೆದಿಟ್ಟು ಗೋಡೆಗೊರಗಿದಳು. ವಾರವಿಡೀ ದುಡಿದ ಮೈ, ಎದುರಿಗೆ ಹದವಾದ ಬಿಸಿ. ಗೊರಕೆ ಶುರುವಾಯಿತು.

ದಡದಿಂದ ಗಾಡಿಯವನು, ಮಂಚ ಹೊರಬೇಕೋ ಬೇಡವೋ ಎಂದು ಕೂಗಿದ. ಬಿರಡೆಯಕ್ಕ ಅತ್ತೆಯ ಮುಖ ನೋಡಿದಳು.

"ಅವನನ್ನ ಕಳಿಸಿಬಿಡು," ಎಂದರು ಅತ್ತೆ ದನಿ ತಗ್ಗಿಸಿ. "ಇವಳು ಎದ್ದ ಮೇಲೆ ನಡ್ಕೊಂಡು ಹೋಗ್ತಾಳೆ."