ಬೀಳದೇ ಹೋದ ಆ ಒಂದು ಪೆಟ್ಟು

ಬೆಳಗಿನ ಐದು ಗಂಟೆ. ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಟೇಪಣ್ಣ ಮೊಣಕಾಲೂರಿ ಕುಳಿತು, ಹಣ್ಣು ಒಣಗಿಸುವ ಕರೆಂಟಿನ ಪೆಟ್ಟಿಗೆಯ ಬಾಗಿಲು ತೆರೆಯುತ್ತಾರೆ. ಒಳಗೆ ಹಣ್ಣಿಲ್ಲ. ಊಟದ ತಟ್ಟೆಯಷ್ಟು ಅಗಲದ ಎರಡು ಟೇಪ್ ಸುರುಳಿಗಳು ಐವತ್ತನಾಲ್ಕು ಡಿಗ್ರಿ ಶಾಖದಲ್ಲಿ ಬೆಚ್ಚಗೆ ಮಲಗಿವೆ. ಅವನ್ನು ಒಂದೊಂದಾಗಿ ಅಂಗೈ ಮೇಲೆ ತೆಗೆದು, ಮಲಗಿದ ಕೂಸಿನ ಮಗ್ಗುಲು ಬದಲಿಸುವಷ್ಟು ಜೋಪಾನವಾಗಿ ಮಗುಚಿಟ್ಟು, ಗೋಡೆಗೆ ಅಂಟಿಸಿದ ಚೀಟಿಯಲ್ಲಿ ವೇಳೆ ಬರೆಯುತ್ತಾರೆ. ಗಂಟೆಗೊಮ್ಮೆ ಹೀಗೆ, ಎಂಟು ಸಲ.

ಹಳೆಯ ಟೇಪಿನ ಅಂಟು ವರ್ಷ ಕಳೆದಂತೆ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಮೇಲಿನ ಕಂದು ಪದರ ಕಿತ್ತು ಬರುತ್ತದೆ, ಅದರ ಜೊತೆ ಹಾಡೂ ಹೋಗುತ್ತದೆ. ಎಂಟು ಗಂಟೆ ಕಾಯಿಸಿ, ಇನ್ನೆಂಟು ಗಂಟೆ ಆರಿಸಿದರೆ ಒಂದು ಸಲ ನೆಮ್ಮದಿಯಾಗಿ ನುಡಿಯುತ್ತದೆ. ಆ ಒಂದು ಸಲದಲ್ಲೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ದಿನಕ್ಕೆ ಎರಡು ಸುರುಳಿ, ಬಹಳವೆಂದರೆ ಮೂರು. ಇಪ್ಪತ್ತೆರಡು ವರ್ಷಗಳಲ್ಲಿ ಹತ್ತು ಸಾವಿರ ದಾಟಿವೆ. ಯಾರದೋ ಭಾಷಣ, ಯಾರದೋ ನಾಟಕ, ತೀರಿಕೊಂಡ ತಾಯಿಯ ಜೋಗುಳ, ಎಲ್ಲವೂ ಈ ಪೆಟ್ಟಿಗೆಯಲ್ಲಿ ಕಾದು ಉಳಿದುಕೊಂಡಿವೆ.

"ಪೆಟ್ಟಿಗೆ ತಂದದ್ದು ನಾನು, ಸೇಬು ಒಣಗಿಸೋಕೆ," ಎನ್ನುತ್ತಾರೆ ಬಾಗಿಲಲ್ಲಿ ನಿಂತ ಅವರ ಹೆಂಡತಿ. "ಒಂದು ಹೋಳೂ ಒಣಗಲಿಲ್ಲ. ಕೇಳಿದ್ರೆ, ಸೇಬು ನಾಳೆನೂ ಸಿಗುತ್ತೆ ಕಣೇ ಅಂತಾರೆ."

ಆದರೆ ಇವತ್ತಿನ ಸುರುಳಿಗಳು ಬೇರೆಯವರವಲ್ಲ. 'ಖಾಲಿ ಡಬ್ಬ' ರಾಕ್ ಬ್ಯಾಂಡಿನ ಮೊದಲ ಆಲ್ಬಮ್ಮಿನ ಮೂಲ ಟೇಪುಗಳು, ಮೂವತ್ತಮೂರು ವರ್ಷ ಹಳೆಯವು. ಕಂಪನಿಯವರು ಆಲ್ಬಮ್ ಅನ್ನು ಹೊಸದಾಗಿ ತರುತ್ತಿದ್ದಾರೆ, ಶುಕ್ರವಾರ ಅದರ ಹೊದಿಕೆ ಅಚ್ಚಿಗೆ ಹೋಗುತ್ತದೆ. ಆ ಹೊದಿಕೆಯ ಮೇಲೆ ತಮ್ಮ ಹೆಸರು ಬರಬೇಕೆಂದು ಟೇಪಣ್ಣ ಮೂವತ್ತಮೂರು ವರ್ಷಗಳಿಂದ ಹೊಟ್ಟೆ ಉರಿಸಿಕೊಂಡು ಕಾಯುತ್ತಿದ್ದಾರೆ. ಇವತ್ತು ಬುಧವಾರ.

ಖಾಲಿ ಡಬ್ಬದ ಚರಿತ್ರೆಯನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಮೊದಲ ಆಲ್ಬಮ್ ಮುಗಿದದ್ದು ಒಂಬತ್ತೇ ದಿನದಲ್ಲಿ, ಟೇಪಣ್ಣ ಟೇಪ್ ಯಂತ್ರ ನೋಡಿಕೊಳ್ಳುತ್ತಿದ್ದ, ಪೀಠೋಪಕರಣದ ಅಂಗಡಿಯ ಹಿಂದಿನ ಸ್ಟುಡಿಯೋದಲ್ಲಿ. ಪಕ್ಕದಲ್ಲಿ ಮರ ಕೊಯ್ಯುವ ಗರಗಸ ಶುರುವಾಗುವ ಮುಂಚೆ ಹಾಡಬೇಕಿತ್ತು, ಹಾಗಾಗಿ ಬ್ಯಾಂಡಿನ ನಾಲ್ವರೂ ನಸುಕಿಗೇ ಕಣ್ಣುಜ್ಜಿಕೊಂಡು ಬರುತ್ತಿದ್ದರು. ಎರಡನೆಯದಕ್ಕೆ ಹನ್ನೊಂದು ತಿಂಗಳು ಹಿಡಿಯಿತು, ದೊಡ್ಡ ಸ್ಟುಡಿಯೋ, ಟೇಪಣ್ಣನಿಗೆ ಕರೆಯಿಲ್ಲ. ಮೂರನೆಯದರ ಹೊತ್ತಿಗೆ ಹಾಡುಗಾರನಿಗೂ ಗಿಟಾರಿನವನಿಗೂ ಮಾತು ಬಿಟ್ಟು, ಇಬ್ಬರೂ ಬೇರೆ ಬೇರೆ ದಿನ ಬಂದು ತಮ್ಮ ಪಾಲಿನದು ಒಪ್ಪಿಸಿ ಹೋದರು. ಆಮೇಲೆ ಎಂಟು ವರ್ಷ ಬ್ಯಾಂಡೇ ಇರಲಿಲ್ಲ. ಮತ್ತೆ ಒಂದಾಗಿ ಮಾಡಿದ ನಾಲ್ಕನೆಯದು ಪೂರ್ತಿ ಕಂಪ್ಯೂಟರಿನಲ್ಲಿ ಆದದ್ದು.

"ಅದರಲ್ಲಿ ಡ್ರಮ್ಮಿನ ಪ್ರತಿ ಪೆಟ್ಟನ್ನೂ ಕಂಪ್ಯೂಟರೇ ಎಳೆದು ಸರಿ ಮಾಡಿದೆ," ಎಂದು ಹೇಳುವಾಗ ಟೇಪಣ್ಣನ ಮುಖ ಅರಳುತ್ತದೆ. "ನನಗೆ ಗೊತ್ತಾಗುತ್ತೆ ಸ್ವಾಮಿ. ಅವನ ಕೈ ಅಷ್ಟು ನೆಟ್ಟಗಿಲ್ಲ."

ಅವನು ಎಂದರೆ ಬ್ಯಾಂಡಿನ ಡ್ರಮ್ಮರ್. ಊರೆಲ್ಲ ಅವರನ್ನು 'ಗುಡುಗು' ಎಂದು ಕರೆಯುತ್ತದೆ. ಗುಡುಗು ಟಿ.ವಿಯಲ್ಲಿ ಬಂದರೆ ಟೇಪಣ್ಣ ಎದ್ದು ಹೋಗುತ್ತಾರೆ, ಎದ್ದುಹೋಗಿ ಬಾಗಿಲ ಸಂದಿಯಿಂದ ನೋಡುತ್ತಾರೆ. ಗುಡುಗಿನ ಕೂದಲು, ಗುಡುಗಿನ ಕಾರು, ಗುಡುಗಿಗೆ ಸಿಕ್ಕ ಶಾಲು, ಎಲ್ಲದರ ಮೇಲೂ ಅವರಿಗೆ ಕಣ್ಣು. ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಹಾಡು.

ಒಂಬತ್ತನೇ ದಿನದ ಕತೆ ಅದು. 'ಮೂರನೇ ಮಹಡಿ' ಎಂಬ ಹಾಡೊಂದು ಬಾಕಿಯಿತ್ತು. ಅವತ್ತೇ ಗುಡುಗಿನ ದವಡೆ ಹಲ್ಲು ಕೈಕೊಟ್ಟು, ಕೆನ್ನೆ ಊದಿ, ಅವರು ಸ್ಟುಡಿಯೋದ ಬೆಂಚಿನ ಮೇಲೆ ಮುಲುಗುತ್ತ ಬಿದ್ದಿದ್ದರು. ಟೇಪ್ ಯಂತ್ರ ನೋಡಿಕೊಳ್ಳುತ್ತಿದ್ದ ಟೇಪಣ್ಣ ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ್ದವರು, ಒಂಬತ್ತು ದಿನ ಕೇಳಿ ಕೇಳಿ ಹಾಡು ಬಾಯಿಪಾಠ. "ನೀನೇ ಕೂತ್ಕೋ," ಎಂದರು ಸೌಂಡ್ ಎಂಜಿನಿಯರ್. ಸುರುಳಿಯಲ್ಲಿ ಉಳಿದದ್ದು ಐದು ನಿಮಿಷದಷ್ಟು ಟೇಪು. ಬೇರೆ ಸುರುಳಿ ಇರಲಿಲ್ಲ.

"ಬಾರಿಸ್ತಾ ಇದೀನಿ, ಆದ್ರೆ ಕಣ್ಣು ಗಾಜಿನಾಚೆ ಸುರುಳಿ ಮೇಲೇ," ಎನ್ನುತ್ತಾರೆ ಟೇಪಣ್ಣ. "ಆರು ವರ್ಷ ಟೇಪ್ ಕಾಯ್ದ ಚಾಳಿ ಎಲ್ಲಿಗೆ ಹೋಗುತ್ತೆ? ಕೊನೇ ಪಲ್ಲವಿ ಹತ್ರ ಬರೋಷ್ಟರಲ್ಲಿ ಸುರುಳಿ ಕರಗಿ ಕರಗಿ ಇಷ್ಟೇ ಇಷ್ಟಾಗಿದೆ. ಟೇಪು ಮುಗಿದೇ ಹೋಯ್ತು ಅಂದ್ಕೊಂಡೆ. ಸ್ಟಾಪ್ ಗುಂಡಿ ಒತ್ತೋಕೆ ಬಲಗೈ ತಾನಾಗೇ ಎದ್ದುಬಿಡ್ತು. ಅಲ್ಲಿ ಗುಂಡಿ ಎಲ್ಲಿದೆ? ಬರೀ ಗಾಳಿ. ಒಂದು ಪೆಟ್ಟು ಹೋಯ್ತು. ಮುಂದಿನ ಪೆಟ್ಟಿನ ಹೊತ್ತಿಗೆ ಕೈ ಇಳೀತು."

ಟೇಪು ನೋಡಿಕೊಳ್ಳುವವನಷ್ಟೇ ಮಾಡಬಲ್ಲ ತಪ್ಪು ಅದು. ಅದೇ ತಪ್ಪು ಹಾಡಿನ ಪ್ರಾಣವಾಯಿತು. ಇವತ್ತಿಗೂ ಮೈದಾನಗಳಲ್ಲಿ ಸಾವಿರಾರು ಜನ ಆ ಜಾಗಕ್ಕೆ ಬಂದಾಗ ಉಸಿರು ಬಿಗಿಹಿಡಿದು, ಮರುಕ್ಷಣ ಹುಯ್ಯಲಿಡುತ್ತಾರೆ. ಹೊದಿಕೆಯ ಮೇಲೆ ಮೊದಲೇ ಅಚ್ಚಾಗಿದ್ದದ್ದು ಗುಡುಗಿನ ಹೆಸರು, ಅದೇ ಉಳಿಯಿತು. ಒಮ್ಮೆ ಟಿ.ವಿಯವರು ಅದರ ಬಗ್ಗೆ ಕೇಳಿದಾಗ ಗುಡುಗು ಕಣ್ಣು ಮುಚ್ಚಿ, "ಆ ಮೌನ ನನ್ನ ಒಳಗಿಂದ ಬಂತು," ಎಂದುಬಿಟ್ಟರು.

"ಒಳಗಿಂದ ಬಂತಂತೆ!" ಟೇಪಣ್ಣನಿಗೆ ಈಗಲೂ ಮೈಯೆಲ್ಲ ಉರಿಯುತ್ತದೆ. "ಅವತ್ತು ಅವನ ಒಳಗಿಂದ ಬರ್ತಿದ್ದದ್ದು ಹಲ್ಲುನೋವಿನ ನರಳಾಟ ಒಂದೇ."

ಹೇಳಿಕೊಂಡರೆ ನಂಬುವವರಾದರೂ ಯಾರು? "ಎಲ್ಲರ ಮನೇಲೂ ಇಂಥ ಒಬ್ಬ ಭಾವ ಇರ್ತಾರೆ ಬಿಡಿ," ಎಂದು ಹೆಂಡತಿಯ ತಮ್ಮ ನಕ್ಕದ್ದು ಅವರಿನ್ನೂ ಮರೆತಿಲ್ಲ. ಎಂಜಿನಿಯರ್ ತೀರಿಕೊಂಡಿದ್ದಾರೆ. ಉಳಿದ ಸಾಕ್ಷಿ ಈ ಟೇಪು ಮಾತ್ರ. ಪ್ರತಿ ಹಾಡಿಗೆ ಮುಂಚೆ ಹಾಡಿನ ಹೆಸರನ್ನೂ ಬಾರಿಸುವವರ ಹೆಸರನ್ನೂ ಹೇಳುವುದು ಆ ಎಂಜಿನಿಯರ್ ಅವರ ಪದ್ಧತಿ. ಆ ಮಾತು ಟೇಪಿನಲ್ಲಿ ಉಳಿದಿದೆಯೋ, ಯಾರಾದರೂ ಕತ್ತರಿಸಿ ಎಸೆದಿದ್ದಾರೋ, ನುಡಿಸಿ ನೋಡುವ ತನಕ ಗೊತ್ತಿಲ್ಲ. ಕಂಪನಿಯ ಚೀಟಿಯಲ್ಲಂತೂ 'ಹಾಡಿನ ಹಿಂದುಮುಂದಿನ ಮಾತು ತೆಗೆಯುವುದು' ಎಂದು ಸ್ಪಷ್ಟವಾಗಿ ಬರೆದಿದೆ.

ನಮ್ಮ ಪತ್ರಿಕೆಯ ಈ ಲೇಖನಕ್ಕೆ 'ಎಲೆಮರೆಯ ಕಾಯಿ' ಎಂದು ಹೆಸರಿಡೋಣವೇ ಎಂದರೆ ಟೇಪಣ್ಣ ಸಿಡುಕುತ್ತಾರೆ. "ಬೇಡ. ಅದರಲ್ಲೂ ಎಲೆದೇ ಹೆಸರು ಮೊದಲು ಬರುತ್ತೆ."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಗುಡುಗು ತಾವೇ ಬರುತ್ತಾರೆ. ತಮ್ಮ ಟೇಪು ನುಡಿಯುವುದನ್ನು ಕೇಳುವ ಆಸೆಯಂತೆ. ಅರವತ್ತು ದಾಟಿದ ಮನುಷ್ಯ, ಮೊಣಕಾಲು ಹಿಡಿದುಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ. ಕೂದಲಿಗೆ ಹಚ್ಚಿದ ಬಣ್ಣ ಬುಡದಲ್ಲಿ ಬಿಳಿಚಿರುವುದನ್ನು ಟೇಪಣ್ಣ ಗಮನಿಸಿ ಖುಷಿಪಡುತ್ತಾರೆ. ಸುರುಳಿ ಏರಿಸಿ, ಗುಂಡಿ ಒತ್ತುತ್ತಾರೆ.

ಮೊದಲು ಬರೀ ಸುಂಯ್ ಸದ್ದು. ಆಮೇಲೆ ಸತ್ತ ಎಂಜಿನಿಯರ್ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಮೂರನೇ ಮಹಡಿ. ಇದ್ದದ್ದೇ ಇಷ್ಟು ಟೇಪು. ಡ್ರಮ್ಮಿಗೆ ನಮ್ಮ ಟೇಪಣ್ಣ. ದೇವರೇ ಕಾಪಾಡಬೇಕು." ಯಾರೋ ನಗುತ್ತಾರೆ. ಹಾಡು ಶುರುವಾಗುತ್ತದೆ.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಟೇಪಣ್ಣ ಗುಡುಗಿನ ಮುಖವನ್ನೇ ದಿಟ್ಟಿಸುತ್ತಾರೆ. ಅದು ಬಾಡುವುದನ್ನು ನೋಡಲೆಂದೇ ಅಲ್ಲವೇ ಇಷ್ಟು ವರ್ಷ ಕಾದದ್ದು? ಕೊನೆಯ ಪಲ್ಲವಿ ಬರುತ್ತದೆ. ಆ ಒಂದು ಪೆಟ್ಟು ಬೀಳುವುದಿಲ್ಲ. ಗುಡುಗು ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈಯನ್ನು ಎತ್ತಿ, ಒಂದಿಷ್ಟು ತಡವಾಗಿ ಇಳಿಸುತ್ತಾರೆ.

"ನೋಡು, ಇವತ್ತೂ ತಪ್ಪಿತು," ಎನ್ನುತ್ತಾರೆ. "ಮೂವತ್ತಮೂರು ವರ್ಷದಿಂದ ನಿನ್ನ ತಪ್ಪನ್ನ ಬಾರಿಸ್ತಾ ಇದೀನಿ ಕಣೋ. ಒಂದು ಸಲಾನೂ ಸರಿಯಾಗಿ ಬಂದಿಲ್ಲ. ಒಂದಿನ ಬೇಗ, ಒಂದಿನ ತಡ. ಜನಕ್ಕೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ. ನಿನ್ನ ಕಂಡ್ರೆ ಎಷ್ಟು ಹೊಟ್ಟೆಕಿಚ್ಚು ಅಂತೀಯ! ಅದಕ್ಕೇ ಎರಡನೇ ಆಲ್ಬಮ್ಮಿಗೆ ನಿನ್ನ ಕರೀಬೇಡಿ ಅಂದವನೂ ನಾನೇ."

ಟೇಪಣ್ಣ ಕೈಚಾಚಿ ಸ್ಟಾಪ್ ಗುಂಡಿ ಒತ್ತುತ್ತಾರೆ. ಈ ಮನುಷ್ಯನಿಗೆ ತಮ್ಮ ಮೇಲೆ ಹೊಟ್ಟೆಕಿಚ್ಚೇ? ಅಷ್ಟರಲ್ಲಿ ಗುಡುಗು ಫೋನ್ ತೆಗೆದು ಕಂಪನಿಯ ಮೇಡಂಗೆ ಹೇಳುತ್ತಿದ್ದಾರೆ: "ಹೊದಿಕೆ ತಿದ್ದಬೇಕಮ್ಮ. 'ಮೂರನೇ ಮಹಡಿ'ಗೆ ಡ್ರಮ್ಸ್ ನಾನಲ್ಲ, ಟೇಪಣ್ಣ ಅಂತ ಹಾಕಿ. ಹಾಡಿಗೆ ಮುಂಚೆ ಇರೋ ಮಾತನ್ನೂ ತೆಗೀಬೇಡಿ, ಹಾಗೇ ಬಿಡಿ."

ಅವರು ಹೋದ ಮೇಲೆ ಹೆಂಡತಿ ಸಂತೋಷಕ್ಕೆ ಅಳುತ್ತ ತಮ್ಮನಿಗೆ ಫೋನ್ ಮಾಡಲು ಓಡುತ್ತಾರೆ. ಟೇಪಣ್ಣ ಮಾತ್ರ ಸುರುಳಿಯನ್ನು ಡಬ್ಬಿಗೆ ಹಾಕುತ್ತ ಮುಖ ಗಂಟಿಕ್ಕಿಕೊಂಡೇ ಇದ್ದಾರೆ. ಹೆಸರು ಬಂತಲ್ಲ, ಇನ್ನೇನು ಎಂದು ಕೇಳಿದರೆ ಉಸ್ಸೆನ್ನುತ್ತಾರೆ.

"ಬಂತು. ಆದ್ರೆ ನೋಡ್ತಾ ಇರಿ, ನಾಳೆಯಿಂದ ಊರೆಲ್ಲ ಒಂದೇ ಮಾತು. ಗುಡುಗಿನದು ಎಂಥಾ ದೊಡ್ಡ ಮನಸ್ಸು ಅಂತ! ಅದನ್ನೂ ಅವನೇ ಹೊಡ್ಕೊಂಡ."

ನಾವು ಹೊರಡುವ ಹೊತ್ತಿಗೆ ಟೇಪಣ್ಣ ಬಾಗಿಲ ತನಕ ಬಂದು, ಅಂಗಿಯ ಕಾಲರು ನೆಟ್ಟಗೆ ಮಾಡಿಕೊಂಡು, ಮೆಲ್ಲಗೆ ಒಂದು ಕೋರಿಕೆ ಇಡುತ್ತಾರೆ.

"ಪೇಪರಿನಲ್ಲಿ ಫೋಟೋ ಹಾಕ್ತೀರಲ್ಲ, ಚಿಕ್ಕದಾದ್ರೂ ಪರವಾಗಿಲ್ಲ, ನನ್ನದೊಂದೇ ಹಾಕಿ. ಪಕ್ಕದಲ್ಲಿ ಅವನು ಬೇಡ."